ಸೋಫಾದ ಎಡಗಡೆಯ ತಗ್ಗು

ಮಾರ್ಚ್ 3, ಸೋಮವಾರ

ಇವತ್ತಿನಿಂದ ರಜೆ. ನಾನು ಕೇಳಿ ಪಡೆದದ್ದಲ್ಲ, ಕುತ್ತಿಗೆ ಹಿಡಿದು ಕೊಟ್ಟದ್ದು. ಆದರೂ ರಜೆಯೂ ಒಂದು ಕೆಲಸವೇ. ಮಾಡುವುದಾದರೆ ಅಚ್ಚುಕಟ್ಟಾಗಿ ಮಾಡಬೇಕು. ಅದಕ್ಕೇ ಈ ದಿನಚರಿ. ಅಡುಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಕೂತರೆ ಸಮಯ ಹಾಳು.

ನಡೆದದ್ದು ಇಷ್ಟು. ನಾನು ಹಾಸಿಗೆ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥೆ. ನಾನು ಒತ್ತಿ ನೋಡಿ ಪಾಸ್ ಮಾಡದೆ ಒಂದು ದಿಂಬೂ ಗೇಟು ದಾಟುವುದಿಲ್ಲ. ಹೋದ ವಾರ ಹೊಸ ಹಾಸಿಗೆಯ ಬಿಡುಗಡೆ ಇತ್ತು. ಸಭಾಂಗಣದ ತುಂಬ ಅಂಗಡಿಯವರು, ವೇದಿಕೆಯ ಮೇಲೆ ಹಾಸಿಗೆ, ಕೈಯಲ್ಲಿ ಮೈಕು. "ಹೀಗೆ ಬೆನ್ನು ಕೊಟ್ಟು ನೋಡಿ" ಎಂದು ತೋರಿಸುವುದಕ್ಕೆ ಮಲಗಿದೆ. ಅಲ್ಲಿಂದ ಮುಂದೆ ನೆನಪಿಲ್ಲ. ಎಚ್ಚರವಾದಾಗ ಸಭಾಂಗಣದಲ್ಲಿ ಕಸ ಗುಡಿಸುತ್ತಿದ್ದರು. ನನ್ನ ಗೊರಕೆ ಮೈಕಿನಲ್ಲಿ ಬಂದಿತಂತೆ. ಅಂಗಡಿಯವರು ಇದೂ ಕಾರ್ಯಕ್ರಮದ ಭಾಗ ಎಂದುಕೊಂಡು ಚಪ್ಪಾಳೆ ತಟ್ಟಿ, ಹಿಂದೆಂದೂ ಕೊಡದಷ್ಟು ಆರ್ಡರು ಕೊಟ್ಟು ಹೋದರಂತೆ.

ಇದಕ್ಕೆ ನನಗೆ ಬಡ್ತಿ ಸಿಗಬೇಕಿತ್ತು. ಕಾರ್ಖಾನೆಯ ಯಜಮಾನರು ರಜೆ ಕೊಟ್ಟರು.

"ಅಲುಗಾಡಿಸಿದ್ರೂ ಏಳ್ಲಿಲ್ವಲ್ಲಮ್ಮ ನೀನು. ನನ್ನ ಜೀವ ಬಾಯಿಗೆ ಬಂದಿತ್ತು," ಅಂದರು. "ಮನಸ್ಸಿನ ವಿಷಯ ನೋಡೋ ಮೇಡಂ ಒಬ್ಬರಿದ್ದಾರೆ. ಅವರ ಹತ್ರ ಹೋಗು. ಅವರು ಸರಿ ಇದ್ದೀಯ ಅಂತ ಬರ್ಕೊಟ್ಟ ಮೇಲೆ ಬಾ."

ನಮ್ಮ ಮ್ಯಾನೇಜರು ಇಷ್ಟರಲ್ಲೇ ನಿವೃತ್ತರಾಗುತ್ತಾರೆ. ಆ ಕುರ್ಚಿ ಒಂದೋ ನನಗೆ, ಇಲ್ಲವೇ ಫೋಮ್ ವಿಭಾಗದ ಮುಖ್ಯಸ್ಥನಿಗೆ. ಅವನಿಗೆ ನಾನಿಟ್ಟ ಹೆಸರು ಸ್ಪಂಜು. ಊರವರ ಐಡಿಯಾಗಳನ್ನೆಲ್ಲ ಹೀರಿಕೊಂಡು ಯಜಮಾನರ ಮುಂದೆ ಹಿಂಡಿಕೊಳ್ಳುವ ಆಸಾಮಿ. ಕೆಲಸಕ್ಕೆ ಸೇರಿದ ದಿನದಿಂದ ನನ್ನ ಕಣ್ಣು ಆ ಕುರ್ಚಿಯ ಮೇಲಿದೆ. ಈಗ ಒಂದು ಸರ್ಟಿಫಿಕೇಟು ತಂದರೆ ಆಯಿತು. ಓದಿದ ಕ್ಲಾಸಿನಲ್ಲೆಲ್ಲ ಫಸ್ಟ್ ಬಂದವಳಿಗೆ ಇದೇನು ಮಹಾ.

ಮಾರ್ಚ್ 6, ಗುರುವಾರ

ಮೇಡಂ ಅವರ ಕೋಣೆ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿದೆ. ಕೆಳಗೆ ಬೀಗದ ಕೈ ಮಾಡುವವನ ಅಂಗಡಿ. ಹೊರಗಿನ ಕೋಣೆಯಲ್ಲಿ ಫೋನು ತೆಗೆಯುವ ಹೆಂಗಸು, ಅವಳ ಕಾಲಬಳಿ ಒಂದು ಬೆಕ್ಕು. ಒಳಗೆ ಮೇಡಂ. ನರೆಗೂದಲು, ಹವಾಯಿ ಚಪ್ಪಲಿ. ನಾನು ಏನು ಹೇಳಿದರೂ "ಹೂಂ" ಅನ್ನುತ್ತಾರೆ. ಹೂಂ ಮೇಡಂ ಎಂದೇ ಕರೆಯೋಣ.

ನಾನು ಸುಮ್ಮನೆ ಹೋಗಿರಲಿಲ್ಲ. ಫೈಲು ತಯಾರಿಸಿಕೊಂಡು ಹೋಗಿದ್ದೆ.

"ಇದರಲ್ಲಿ ನನ್ನ ಬಾಲ್ಯ ಇದೆ," ಅಂದೆ. "ಫೋಟೋ ಸಮೇತ. ಕೊನೇ ಪುಟದಲ್ಲಿ ಸಾರಾಂಶ."

ಅವರು ಫೈಲನ್ನು ಮೇಜಿನ ಮೇಲಿಟ್ಟರು. ತೆರೆಯಲಿಲ್ಲ. "ಈಗ ಹೇಗಿದ್ದೀರಿ?"

"ಚೆನ್ನಾಗಿದ್ದೀನಿ."

"ಹೂಂ."

"ಇದು ಸಾಮಾನ್ಯವಾಗಿ ಎಷ್ಟು ವಾರಕ್ಕೆ ಮುಗಿಯುತ್ತೆ? ಎಲ್ಲರಿಗಿಂತ ಬೇಗ ಮುಗಿಸಿದವರು ಯಾರು?"

ಅದಕ್ಕೂ ಹೂಂ.

ಇನ್ನು ಆ ಸೋಫಾ. ಬರೆಯುವುದಕ್ಕೇ ನಾಚಿಕೆಯಾಗುತ್ತದೆ. ಹಸಿರು ಬಟ್ಟೆ, ಮೇಲೆ ಚಹಾ ಕಲೆ. ಎಡಗಡೆ ಫೋಮ್ ಸತ್ತು ಹೋಗಿ, ಬೋಗುಣಿಯ ಹಾಗೆ ತಗ್ಗು ಬಿದ್ದಿದೆ. ನಮ್ಮಲ್ಲಾದರೆ ಇಂಥದ್ದನ್ನು ಗೇಟಿನ ಒಳಗೇ ಬಿಡುವುದಿಲ್ಲ. ಬಲಗಡೆಯ ತುದಿಯಲ್ಲಿ ನೆಟ್ಟಗೆ ಕೂತೆ. ಅವರು ಕೇಳಿದ ಪ್ರಶ್ನೆಗಳಲ್ಲಿ ಅರ್ಧ ನನ್ನ ಕಿವಿಗೆ ಬೀಳಲಿಲ್ಲ. ಕಣ್ಣೆಲ್ಲ ಆ ತಗ್ಗಿನ ಮೇಲೇ.

ಮಾರ್ಚ್ 9, ಭಾನುವಾರ

ನಿದ್ದೆ ಬರುತ್ತಿಲ್ಲ. ಅದೇನೂ ಹೊಸದಲ್ಲ. ಇದೇ ಮನೆಯಲ್ಲಿರುವ ನಮ್ಮ ಅತ್ತೆಯವರು ಟೀವಿಯ ಮುಂದೆ, ಬಟ್ಟೆ ಮಡಿಸುತ್ತ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ನಿದ್ದೆ ಹೋಗಿದ್ದಾರೆ. ಚಿಂತೆ ಇಲ್ಲದವರಿಗೆ ಸಂತೆಯಲ್ಲೂ ನಿದ್ದೆ. ನನಗೆ ಮಾತ್ರ ನಾನೇ ಪಾಸ್ ಮಾಡಿದ ಹಾಸಿಗೆ ಮುಳ್ಳು. ಇದು ಹೊರಗೆ ಗೊತ್ತಾದರೆ ಕಂಪನಿಯ ಮಾನ ಹೋಗುತ್ತದೆ.

ಮಾರ್ಚ್ 13, ಗುರುವಾರ

ಎರಡನೇ ಭೇಟಿ. ಹೂಂ ಮೇಡಂ ಇವತ್ತು ಪೂರ್ತಿ ವಾಕ್ಯ ಮಾತಾಡಿದರು.

"ಹೊರಗೆ ಯಾರಾದರೂ ನಡೆದಾಗೆಲ್ಲ ನೀವು ಎದ್ದು ನಿಲ್ತೀರಿ. ಗೊತ್ತಾ?"

"ಇಲ್ವಲ್ಲ," ಅಂದೆ. ಅಷ್ಟರಲ್ಲಿ ಫೋನಿನ ಹೆಂಗಸು ಬಾಗಿಲ ಹತ್ತಿರ ಸರಿದಾಡಿದಳು. ನೋಡಿದರೆ ನಾನು ನಿಂತಿದ್ದೇನೆ, ಫೈಲು ಎದೆಗೆ ಅವಚಿಕೊಂಡು.

"ಸೊಂಟ ಹಿಡ್ಕೊಂಡಿತ್ತು. ನಿಮ್ಮ ಸೋಫಾ ಸರಿಯಿಲ್ಲ," ಅಂದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವರು ಮನಸ್ಸಿನಲ್ಲಿ ಅಂದುಕೊಂಡಿರಬೇಕು. ಅನ್ನಲಿ. ಸೋಫಾ ಮಾತ್ರ ನಿಜವಾಗಿಯೂ ಸರಿಯಿಲ್ಲ.

ಮಾರ್ಚ್ 16, ಭಾನುವಾರ

ನಿನ್ನೆ ಗಂಡನ ಕನ್ನಡಕದ ಅಂಗಡಿಗೆ ಸಹಾಯಕ್ಕೆ ಹೋಗಿದ್ದೆ. ಅವರು ಊಟ ಮುಗಿಸಿ ಬರುವಷ್ಟರಲ್ಲಿ ಫ್ರೇಮುಗಳನ್ನೆಲ್ಲ ಮೂಗಿನ ಅಗಲದ ಪ್ರಕಾರ ಜೋಡಿಸಿಬಿಟ್ಟೆ. ಗಿರಾಕಿಗಳನ್ನೂ ಅದೇ ಪ್ರಕಾರ ಸಾಲಾಗಿ ನಿಲ್ಲಿಸಿದ್ದೆ. ದೊಡ್ಡ ಮೂಗಿನವರೊಬ್ಬರು ಮುನಿಸಿಕೊಂಡು ಹೋದರು.

ಗಂಡ ಜೋರು ಮಾತಾಡುವವರಲ್ಲ. ಕೈ ಮುಗಿದರು. "ನಿನ್ನ ಕಾಲಿಗೆ ಬೀಳ್ತೀನಿ ಕಣೆ. ರಜಾ ಅಂದ್ರೆ ಸುಮ್ನಿರೋದು."

ಅದು ಹೇಗೆ ಎಂದು ಯಾರೂ ಹೇಳಿಕೊಡುವುದಿಲ್ಲ.

ಮಾರ್ಚ್ 20, ಗುರುವಾರ

ಹೊರಗೆ ಕಾಯುವಾಗ ನನಗಿಂತ ಮುಂಚಿನ ಹೊತ್ತಿನವರು ಸಿಕ್ಕರು. ಹೃದಯದ ಆಪರೇಷನ್ ಮಾಡುವ ಡಾಕ್ಟರು, ಬಾಗಿಲಷ್ಟು ಅಗಲದ ಆಳು. ಮೂಗು ಕೆಂಪಗಾಗಿತ್ತು, ಮುಖ ಮಾತ್ರ ಮಳೆ ನಿಂತ ಮೇಲಿನ ಅಂಗಳದ ಹಾಗೆ ಚೊಕ್ಕಟವಾಗಿತ್ತು.

"ಎಡಗಡೆ ಕೂತಿದ್ದೀರಾ?" ಎಂದು ಗುಟ್ಟಾಗಿ ಕೇಳಿದರು.

"ಅದು ಕುಸಿದಿದೆ," ಅಂದೆ.

"ಅದಕ್ಕೇ," ಅಂದು ಹೊರಟುಹೋದರು. ಇಂಥವರ ಕೈಗೆ ಜನ ಹೃದಯ ಕೊಡುತ್ತಾರಲ್ಲ.

ಒಳಗೆ ಹೂಂ ಮೇಡಂ ಹೆಜ್ಜೆ ಸದ್ದಿನ ವಿಷಯ ಮತ್ತೆ ಎತ್ತಿದರು. ಚಿಕ್ಕವಳಾಗಿದ್ದಾಗ ಮನೆಯಲ್ಲಿ ಯಾರ ಹೆಜ್ಜೆ ಕೇಳುತ್ತಿತ್ತು ಎಂದರು. ಅಪ್ಪನದು ಅಂದೆ. ಅಪ್ಪ ಒಳ್ಳೆಯವರು, ಒಂದು ದಿನವೂ ಕೈ ಎತ್ತಿದವರಲ್ಲ, ಗದರಿದವರೂ ಅಲ್ಲ. ನಾನು ಅಡ್ಡಾಗಿದ್ದಾಗ ಬಂದರೆ "ಮಲ್ಗಿದ್ದೀಯಾ?" ಎಂದು ಕೇಳುತ್ತಿದ್ದರು, ಅಷ್ಟೇ. ಹಾಗೆ ಕೇಳಿ ಸುಮ್ಮನೆ ನಿಂತಿರುತ್ತಿದ್ದರು. ನಾನು ಎದ್ದು ಪುಸ್ತಕ ತೆಗೆದ ಮೇಲೆ ಹೋಗುತ್ತಿದ್ದರು. ಆಮೇಲಾಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದಾಗಲೇ ಏಳುವುದು ರೂಢಿಯಾಯಿತು.

"ಅಪ್ಪ ಈಗ?"

"ತೀರಿಕೊಂಡು ವರ್ಷಗಳಾದವು."

"ಆದರೂ ನೀವು ಏಳ್ತಾ ಇದ್ದೀರಿ," ಅಂದರು.

ಫೈಲು ತೆರೆದು ಸಾರಾಂಶದ ಪುಟ ಹುಡುಕಿದೆ. ಎರಡು ಸಲ ಮೂಗು ಒರೆಸಿಕೊಂಡೆ, ಧೂಳಿರಬೇಕು. ಹಳೇ ಫೋಮಿನಿಂದ ಪುಡಿ ಏಳುತ್ತದೆ. ಸೋಫಾದ ವಿಷಯ ಇನ್ನು ಹೀಗೆ ಬಿಡುವುದಕ್ಕಾಗುವುದಿಲ್ಲ.

ಮಾರ್ಚ್ 31, ಸೋಮವಾರ

ಕೆಲಸ ಮಾಡಿದ ದಿನ ಮೈ ಎಷ್ಟು ಹಗುರ.

ಹೂಂ ಮೇಡಂ ಈ ವಾರಾಂತ್ಯ ಊರಿನಲ್ಲಿರಲಿಲ್ಲ, ಇವತ್ತೂ ಬರುವುದಿಲ್ಲ ಎಂದು ಫೋನಿನ ಹೆಂಗಸು ಹೇಳಿದ್ದಳು. ಅವಳಿಗೆ ಒಂದು ಒಳ್ಳೆಯ ದಿಂಬು ಕೊಟ್ಟು ಒಲಿಸಿಕೊಂಡೆ. ಕಾರ್ಖಾನೆಯಿಂದ ಇಬ್ಬರು ಆಳುಗಳನ್ನು ಕರೆಸಿ ಸೋಫಾದ ಹಳೇ ಮೆತ್ತೆ ಕಿತ್ತುಹಾಕಿಸಿ, ನಮ್ಮ ಅತಿ ಗಟ್ಟಿ ಫೋಮಿನ ಹೊಸ ಮೆತ್ತೆ ಹಾಕಿಸಿದೆ. ಆನೆ ಕೂತರೂ ತಗ್ಗು ಬೀಳದು. ಹಳೇದು ನಮ್ಮ ರದ್ದಿ ಗೋದಾಮಿಗೆ ಹೋಯಿತು. ಅಲ್ಲಿ ಅದನ್ನೆಲ್ಲ ಯಂತ್ರಕ್ಕೆ ಹಾಕಿ ಚೂರು ಮಾಡಿ ದಿಂಬಿಗೆ ತುಂಬುತ್ತಾರೆ.

ಗುರುವಾರ ಹೂಂ ಮೇಡಂ ಮುಖ ನೋಡಬೇಕು.

ಏಪ್ರಿಲ್ 2, ಬುಧವಾರ

ಯಜಮಾನರ ಫೋನು. ಮುಂದಿನ ಗುರುವಾರ ಹನ್ನೊಂದಕ್ಕೆ ಕಾರ್ಖಾನೆಗೆ ಬರಬೇಕು, ಅವತ್ತೇ ಕುರ್ಚಿಯ ತೀರ್ಮಾನ. "ಸರ್ಟಿಫಿಕೇಟ್ ತರೋದು ಮರೀಬೇಡಮ್ಮ." ಸ್ಪಂಜು ಆಗಲೇ ಹೊಸ ಕೋಟು ಹೊಲಿಸಿಕೊಂಡಿದ್ದಾನಂತೆ.

ಏಪ್ರಿಲ್ 3, ಗುರುವಾರ

ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

ಹೊರಕೋಣೆಗೆ ಹೋದರೆ ಹೃದಯದ ಡಾಕ್ಟರು ಒಳಗಿನಿಂದ ಬಂದರು. ಇವತ್ತು ಮೂಗು ಕೆಂಪಗಿಲ್ಲ, ಮುಖ ಕೆಂಪಗಿತ್ತು. "ಒಂದು ಮಾತೂ ಬರ್ಲಿಲ್ಲ ಕಣ್ರಿ," ಅಂದರು. "ಪರೀಕ್ಷೆ ಹಾಲ್‌ನಲ್ಲಿ ಕೂತ ಹಾಗಾಯ್ತು. ನನ್ನ ಜಾಗ ಎಲ್ಲಿ ಹೋಯ್ತು?"

ಈ ವಾರ ಎಲ್ಲರಿಗೂ ಹೀಗೇ ಆಗಿದೆಯಂತೆ. ಫೋನಿನ ಹೆಂಗಸು ಹೇಳಿದಳು. ಬಂದವರೆಲ್ಲ ಬೆನ್ನು ನೆಟ್ಟಗೆ ಮಾಡಿ, ಕೈ ಕಟ್ಟಿ, "ಎಲ್ಲ ಚೆನ್ನಾಗಿದೆ" ಎಂದು ಹೇಳಿ ಎದ್ದು ಹೋದರಂತೆ. ಒಬ್ಬರು ಬಾಯಿತಪ್ಪಿ ಸಂಬಳ ಎಷ್ಟು ಎಂದು ಕೇಳಿದರಂತೆ.

ಹೂಂ ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆ ತಗ್ಗು ಒಬ್ಬರಿಂದ ಆದದ್ದಲ್ಲ," ಅಂದರು. "ನೆಟ್ಟಗೆ ಕೂತೂ ಕೂತೂ ಸಾಕಾಗಿದ್ದವರು ಎಷ್ಟೋ ವರ್ಷದಿಂದ ಅಲ್ಲಿ ಬಂದು ಕುಸಿದಿದ್ದಾರೆ. ಬರೋರಿಗೆ ಅದು ಗೊತ್ತಾಗ್ತಿತ್ತು."

"ನಾನು ಒಳ್ಳೇದಕ್ಕೇ ಮಾಡಿದ್ದು."

"ಹೂಂ. ಇಲ್ಲಿ ಸರಿ ಮಾಡೋಕೆ ಬಂದದ್ದು ಸೋಫಾನಾ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸರ್ಟಿಫಿಕೇಟು ಕೊಡಿ, ನಾನು ಹೋಗುತ್ತೇನೆ, ಕುರ್ಚಿಯ ಪ್ರಶ್ನೆ ಇದೆ ಅಂದೆ.

"ನಾನು ಮಾರ್ಕ್ಸ್ ಕಾರ್ಡ್ ಕೊಡಲ್ಲ. ಹೇಗಿದ್ದೀರಿ ಅಂತ ನೀವೇ ಅವರಿಗೆ ಹೇಳಿ. ನಿಜ ಹೇಳಿ, ಅಷ್ಟು ಸಾಕು."

ದೇವರು ಕೊಟ್ಟರೂ ಪೂಜಾರಿ ಕೊಡ. ಆ ಗಟ್ಟಿ ಮೆತ್ತೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ಹೊತ್ತು ಮುಗಿಯುವವರೆಗೆ ಗಡಿಯಾರ ನೋಡಿದೆ. ಎಂಥ ಫೋಮ್ ಅದು, ಒಂದಿಷ್ಟೂ ಕೆಳಗೆ ಹೋಗಲಿಲ್ಲ.

ಏಪ್ರಿಲ್ 4, ಶುಕ್ರವಾರ

ಮನೆಯಲ್ಲಿ ಹೇಳಿದೆ. ಗಂಡ ಕನ್ನಡಕ ಒರೆಸಿದರು. ಅತ್ತೆ ನಿದ್ದೆಯಲ್ಲಿದ್ದವರು ಕಣ್ಣು ಬಿಡದೆ ಅಂದರು: "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಸುಸ್ತಾಗಿರೋದು ನಿನಗೆ, ರಿಪೇರಿ ಸೋಫಾಗೆ."

"ನನಗೇನೂ ಸುಸ್ತಾಗಿಲ್ಲ ಅತ್ತೆ."

ಅಷ್ಟರಲ್ಲಿ ಮತ್ತೆ ನಿದ್ದೆ ಹೋಗಿದ್ದರು.

ಏಪ್ರಿಲ್ 8, ಮಂಗಳವಾರ

ಮಗಳು ಪುಟ್ಟಿಯನ್ನು ಯಜಮಾನರ ಜಾಗದಲ್ಲಿ ಕೂರಿಸಿ ತಾಲೀಮು ಮಾಡಿದೆ. ಅವಳು ಹತ್ತನೇ ಕ್ಲಾಸು. ಬಾಯಿ ಮಾತ್ರ ಎಂಎ.

"ಹೇಗಿದ್ದೀಯಮ್ಮ?" ಅಂದಳು ದಪ್ಪ ದನಿಯಲ್ಲಿ.

"ಚೆನ್ನಾಗಿದ್ದೀನಿ ಸಾರ್."

"ಇನ್ನೊಂದ್ಸಲ. ನಂಬಿಕೆ ಬರ್ಲಿಲ್ಲ."

"ಚೆನ್ನಾಗಿದ್ದೀನಿ ಸಾರ್."

ಹೀಗೇ ಬಹಳ ಹೊತ್ತು ನಡೆಯಿತು. ಕೊನೆಗೆ ಪುಟ್ಟಿ ತನ್ನ ದನಿಯಲ್ಲೇ ಕೇಳಿದಳು. "ಅಮ್ಮ, ಆ ಕೆಲಸ ಸಿಕ್ಕಿದ್ರೆ ನೀನು ಈಗಿನದಕ್ಕಿಂತ ಜಾಸ್ತಿ ನಿಂತ್ಕೊಂಡಿರ್ತೀಯಾ?"

ಎಂಥ ಪ್ರಶ್ನೆ. ಓದಿಕೋ ಹೋಗು ಅಂದೆ. ಎದ್ದು ಹೋದಳು. ಅವಳು ಎದ್ದ ರೀತಿ ನೋಡಿ ಯಾಕೋ ಕಸಿವಿಸಿಯಾಯಿತು. ಕರೆದು, ಓದುವುದು ಆಮೇಲೆ ಇರಲಿ, ಬಿದ್ದುಕೋ ಅಂದೆ. ನನಗೆ ಹುಷಾರಿಲ್ಲವೇ ಎಂದು ಹಣೆ ಮುಟ್ಟಿ ನೋಡಿದಳು.

ಏಪ್ರಿಲ್ 10, ಗುರುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹತ್ತೂವರೆಗೆ ಕಾರ್ಖಾನೆಯ ಗೇಟು ತಲುಪಿದೆ. ಕಾವಲಿನವನು ಸಲಾಮು ಹೊಡೆದು, "ಮೇಡಂ, ಇವತ್ತು ರದ್ದಿ ಗೋದಾಮು ಖಾಲಿ ಮಾಡ್ತಿದ್ದಾರೆ, ಆ ಕಡೆ ಹೋಗ್ಬೇಡಿ, ಸೀರೆಗೆ ಪುಡಿ ಹತ್ತುತ್ತೆ" ಅಂದ. ಇಡೀ ವಾರ ಆ ಹಳೇ ಮೆತ್ತೆಯ ನೆನಪು ಮಾಡಿಕೊಳ್ಳದೆ ಇದ್ದವಳು ನಾನು. ಕಾಲು ಆಫೀಸಿನ ಕಡೆ ಹೋಗಬೇಕಿತ್ತು. ಗೋದಾಮಿನ ಕಡೆ ಹೋಯಿತು.

ಹಸಿರು ಮೆತ್ತೆ ಆಗಲೇ ಸರಕು ಸಾಗಿಸುವ ಪಟ್ಟಿಯ ಮೇಲೆ ಹತ್ತಿತ್ತು. ಚೂರು ಮಾಡುವ ಯಂತ್ರದ ಬಾಯಿಯ ಕಡೆಗೆ ಮೆಲ್ಲಗೆ ಸಾಗುತ್ತಿತ್ತು, ಚಹಾ ಕಲೆ ಮೇಲಾಗಿ. "ನಿಲ್ಸಿ, ನಿಲ್ಸಿ" ಎಂದು ಕೂಗಿದೆ. ಮೇಸ್ತ್ರಿ ಕಿವಿಗೆ ಹತ್ತಿ ಇಟ್ಟುಕೊಂಡಿದ್ದ. ಗೋಡೆಯ ಮೇಲೆ ಕೆಂಪು ಬಟನ್, ಅದರ ಕೆಳಗೆ "ಪ್ರಾಣಾಪಾಯವಿಲ್ಲದೆ ಒತ್ತಿದವರ ಮೇಲೆ ಕಠಿಣ ಕ್ರಮ" ಎಂಬ ಬೋರ್ಡು. ಬೋರ್ಡು ಬರೆಸಿದವಳು ನಾನೇ. ಒತ್ತಿದೆ.

ಇಡೀ ಕಾರ್ಖಾನೆ ನಿಂತಿತು. ಇಷ್ಟು ವರ್ಷದಲ್ಲಿ ಅಲ್ಲಿ ಅಂಥ ಮೌನ ನಾನು ಕೇಳಿರಲಿಲ್ಲ. ಪಟ್ಟಿಯ ಮೇಲಿನಿಂದ ಮೆತ್ತೆಯನ್ನು ಎಳೆದೆ. ಅದು ಬಂದು ನನ್ನ ಮೇಲೇ ಬಿತ್ತು. ನೆಲಕ್ಕೆ ಹಾಕಿ, ಉಸಿರು ತೆಗೆದುಕೊಳ್ಳಲು ಕೂತೆ. ಕೂತದ್ದು ಎಡಗಡೆ.

ಆ ತಗ್ಗು ನನ್ನನ್ನು ಒಳಗೆ ಕರೆದುಕೊಂಡಿತು. ಬೆನ್ನು ತಾನಾಗಿ ಬಾಗಿತು. ಅಳು ಬಂತು. ಸಣ್ಣದಲ್ಲ, ಹೋ ಎಂದು ಅತ್ತುಬಿಟ್ಟೆ. ಮೇಸ್ತ್ರಿ ಕಿವಿಯ ಹತ್ತಿ ತೆಗೆದು, ನನ್ನ ದನಿ ಕೇಳಿ, ಮತ್ತೆ ಹತ್ತಿ ಇಟ್ಟುಕೊಂಡ. ಒಬ್ಬ ಆಳು ಕಣ್ಣೊರೆಸಿಕೊಳ್ಳಲು ಫೋಮ್ ತುಂಡು ಕೊಟ್ಟ. ಕಣ್ಣೀರು ಚೆನ್ನಾಗಿ ಹೀರುತ್ತದೆ, ಆ ಸರಕು ನಾವು ಮಾರಬಹುದು.

ಆಗ ಯಜಮಾನರ ಬೂಟಿನ ಸದ್ದು ಕೇಳಿತು. ಅವರ ಬೂಟು ಕಿರ್ ಕಿರ್ ಅನ್ನುತ್ತದೆ, ಇಡೀ ಕಾರ್ಖಾನೆಗೆ ಪರಿಚಯ. ಆಳುಗಳೆಲ್ಲ ಸೆಟೆದು ನಿಂತರು. ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ನಾನು ಎದ್ದೇಳಲಿಲ್ಲ.

"ಕೆಂಪು ಬಟನ್ ಒತ್ತಿದ್ಯಾರು? ಯಾರಿಗೇನಾಯ್ತು?"

"ನಾನು ಸಾರ್. ನನಗೇ ಆಗಿರೋದು."

"ಏನಾಗಿದೆಯಮ್ಮ?"

ತಾಲೀಮು ಮಾಡಿದ್ದ ಮಾತು ಬಾಯಲ್ಲೇ ಇತ್ತು. ಬೇರೆ ಮಾತು ಬಂತು. "ಸುಸ್ತಾಗಿದೆ ಸಾರ್. ತುಂಬಾ ಸುಸ್ತಾಗಿದೆ. ಎಷ್ಟೋ ವರ್ಷದಿಂದ."

ಅವರು ನನ್ನನ್ನೇ ನೋಡಿದರು. "ಮತ್ತೆ ಆ ಕುರ್ಚಿ?"

"ಅದು ನನಗೆ ತುಂಬಾ ಬೇಕು ಸಾರ್. ಈಗ ಕೊಟ್ರೆ ಅಲ್ಲೇ ಮಲಗಿಬಿಡ್ತೀನಿ. ಚಪ್ಪಾಳೆ ತಟ್ಟೋಕೆ ಈ ಸಲ ಯಾರೂ ಇರಲ್ಲ."

ಯಜಮಾನರು ನನ್ನ ಪಕ್ಕದಲ್ಲಿ ಕೂತರು. ಕೂತವರು ಜಾರಿ ನೇರ ನನ್ನ ಭುಜಕ್ಕೆ ಬಂದು ಬಡಿದರು.

"ಇದೇನಮ್ಮ ಇದು, ಇಷ್ಟು ಕುಸಿದಿದೆ? ಇದನ್ನ ಪಾಸ್ ಮಾಡಿದ್ಯಾರು?"

"ನಾನೇ ಸಾರ್," ಅಂದೆ. "ಈಗ ತಾನೇ."

ಅವರು ನಗಲಿಲ್ಲ. ಏಳಲೂ ಇಲ್ಲ. "ನನಗೂ ಸೊಂಟ ನೋವು," ಎಂದು ಬೂಟು ಬಿಚ್ಚಿ ಪಕ್ಕಕ್ಕಿಟ್ಟರು.

ಕುರ್ಚಿ ಸ್ಪಂಜಿಗೆ ಹೋಯಿತು. ನನ್ನ ರಜೆ ಬೇಸಿಗೆ ಮುಗಿಯುವವರೆಗೆ ಮುಂದಕ್ಕೆ ಹೋಯಿತು. ಹೊಟ್ಟೆ ಉರಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆ ಕೋಟು ಅವನಿಗೆ ಒಂದು ಚೂರೂ ಒಪ್ಪುವುದಿಲ್ಲ.

ಏಪ್ರಿಲ್ 12, ಶನಿವಾರ

ನಿನ್ನೆ ಬರೆಯಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅತ್ತೆಯ ಪಕ್ಕ ಸುಮ್ಮನೆ ಕೂತಿದ್ದೆ. ಗಂಡನ ಸ್ಕೂಟರಿನ ಸದ್ದು ಕೇಳಿದ್ದು ನೆನಪಿದೆ. ಆಮೇಲೆ ಶನಿವಾರ ಬಂದಿತ್ತು.

ಏಪ್ರಿಲ್ 17, ಗುರುವಾರ

ಹಳೇ ಮೆತ್ತೆ ಸೋಫಾಕ್ಕೆ ವಾಪಸು. ಹೃದಯದ ಡಾಕ್ಟರು ಹೊರಬಂದಾಗ ಮೂಗು ಕೆಂಪಗಿತ್ತು. ನನ್ನ ಕೈ ಕುಲುಕಿದರು. ಗಟ್ಟಿ ಮೆತ್ತೆಯನ್ನು ಫೋನಿನ ಹೆಂಗಸು ಬೆಕ್ಕಿಗೆ ಕೊಟ್ಟಿದ್ದಾಳೆ. ಬೆಕ್ಕು ಅದರ ಮೇಲೆ ಮಲಗುವುದಿಲ್ಲ.

ಜೂನ್ 19, ಗುರುವಾರ

ದಿನಚರಿ ಎಲ್ಲೋ ಹೋಗಿತ್ತು. ಹುಡುಕಿರಲೂ ಇಲ್ಲ. ಇವತ್ತು ಮಂಚದ ಕೆಳಗೆ ಸಿಕ್ಕಿತು, ಇಲ್ಲೇ ಬಿದ್ದುಕೊಂಡು ಬರೆಯುತ್ತಿದ್ದೇನೆ.

ಕೆಲಸಕ್ಕೆ ಮರಳಿ ಮೂರು ವಾರವಾಯಿತು. ಐದಕ್ಕೆ ಮನೆಗೆ ಹೊರಡುತ್ತೇನೆ. ಗುರುವಾರ ಹೂಂ ಮೇಡಂ ಹತ್ತಿರ ಹೋಗುವುದನ್ನು ಬಿಟ್ಟಿಲ್ಲ. ಮೇಡಂಗೆ ಅಪ್ಪನ ಬೇರೆ ವಿಷಯಗಳನ್ನೂ ಹೇಳಿದ್ದೇನೆ. ಅಪ್ಪನ ಮೆಟ್ಟಿನ ಸದ್ದು ನನಗೆ ಎಷ್ಟು ಇಷ್ಟವಿತ್ತು ಎಂಬುದನ್ನೂ.

ಇವತ್ತು ಒಳಗಿನಿಂದ ಹೊರಗೆ ಬಂದೆ. ನನ್ನ ಹೆಜ್ಜೆ ಸದ್ದಿಗೆ ಹೊರಕೋಣೆಯಲ್ಲಿ ಯಾರೋ ದಡಕ್ಕನೆ ಎದ್ದು ನಿಂತರು. ನೋಡಿದರೆ ಸ್ಪಂಜು. ಕೋಟು ಜೋತು ಬಿದ್ದಿದೆ, ಕಣ್ಣ ಕೆಳಗೆ ಕಪ್ಪು, ಎದೆಗೆ ಅವಚಿದ ಫೈಲು. ನನ್ನದಕ್ಕಿಂತ ದಪ್ಪ. ಹೋದ ವಾರ ಹೊಸ ಮ್ಯಾನೇಜರು ಊಟದ ಸೈರನ್ ಕೇಳಿ ಅತ್ತರು ಎಂದು ಮೇಸ್ತ್ರಿ ಹೇಳಿದ್ದ. ನಾನು ನಂಬಿರಲಿಲ್ಲ.

"ನೀವೂ ಇಲ್ಲೇನಾ?" ಅಂದರು. ಆಮೇಲೆ ದನಿ ತಗ್ಗಿಸಿ, "ಇದು ಎಷ್ಟು ವಾರಕ್ಕೆ ಮುಗಿಯುತ್ತೆ ಮೇಡಂ? ನೀವು ಎಷ್ಟರಲ್ಲಿ ಮುಗಿಸಿದ್ರಿ?"

ಒಂದು ಕ್ಷಣ ನಾಲಿಗೆ ತುರಿಸಿತು. ಅಷ್ಟು ವರ್ಷದ ಲೆಕ್ಕ ಅಲ್ಲೇ ಚುಕ್ತಾ ಮಾಡಬಹುದಿತ್ತು. ಆದರೆ ಅವರು ಇನ್ನೂ ನಿಂತೇ ಇದ್ದರು.

"ಒಳಗೆ ಹೋದ್ಮೇಲೆ ಎಡಗಡೆ ಕೂತ್ಕೊಳ್ಳಿ," ಅಂದೆ.

ಅವರು ಪೆನ್ನು ತೆಗೆದು ಫೈಲಿನ ಮೇಲೆ "ಎಡಗಡೆ" ಎಂದು ಬರೆದುಕೊಳ್ಳತೊಡಗಿದರು. ನಾನು ಫೈಲನ್ನು ಮೆಲ್ಲಗೆ ಅವರ ಕೈಯಿಂದ ತೆಗೆದು ಬೆಕ್ಕಿನ ಮೆತ್ತೆಯ ಮೇಲಿಟ್ಟೆ.